ಹಳೆಯ ಟ್ರ್ಯಾಕ್ಟರಿನ ಡೈನಮೋ ಬ್ಯಾಟರಿಯನ್ನು ಚಾರ್ಜ್ ಮಾಡದಿದ್ದಾಗ: ದೋಷ ಹುಡುಕುವ ಕ್ರಮ

ಮ್ಯಾಸಿ ಫರ್ಗ್ಯುಸನ್ 35 ಹಾಗೂ ಅದೇ ಕಾಲದ ಇತರ ಟ್ರ್ಯಾಕ್ಟರುಗಳಲ್ಲಿ ಬ್ಯಾಟರಿಯನ್ನು ತುಂಬುವ ಕೆಲಸ ಇಂದಿನ ಆಲ್ಟರ್ನೇಟರಿನದಲ್ಲ, ನೇರ ವಿದ್ಯುತ್ತನ್ನು ಕೊಡುವ ಡೈನಮೋದ್ದು. ಕರ್ನಾಟಕದ ಅನೇಕ ಊರುಗಳಲ್ಲಿ ಇಂತಹ ಗಾಡಿಗಳು ಈಗಲೂ ನೀರಿನ ಟ್ಯಾಂಕರ್ ಎಳೆಯುತ್ತ, ರಾಗಿ ಒಕ್ಕಣೆಗೆ ನಿಲ್ಲುತ್ತ ದುಡಿಯುತ್ತಿವೆ. ಆದರೆ ಡೈನಮೋ ಬಿಚ್ಚಿ ನೋಡಬಲ್ಲ ಆಟೋ ಎಲೆಕ್ಟ್ರಿಷಿಯನ್‌ಗಳು ಕಡಿಮೆಯಾಗಿದ್ದಾರೆ. ಚಾರ್ಜ್ ಆಗುತ್ತಿಲ್ಲ ಎಂದು ಗಾಡಿಯನ್ನು ಒಯ್ದರೆ ಮೊದಲು ರೆಗ್ಯುಲೇಟರ್ ಡಬ್ಬಿಯ ಮುಚ್ಚಳ ತೆಗೆದು ಅದರ ಸ್ಕ್ರೂ ತಿರುಗಿಸುವವರೇ ಹೆಚ್ಚು. ಆ ಸ್ಕ್ರೂ ಮುಟ್ಟಬೇಕಾದದ್ದು ಎಲ್ಲ ಪರೀಕ್ಷೆಗಳೂ ಮುಗಿದ ಮೇಲೆ. ಬ್ಯಾಟರಿ, ಬೆಲ್ಟ್, ಡೈನಮೋ, ವೈರು, ಕೊನೆಗೆ ಡಬ್ಬಿ ಎಂಬ ಕ್ರಮದಲ್ಲಿ ಒಂದೊಂದನ್ನೇ ಪ್ರತ್ಯೇಕಿಸಿ ನೋಡಿದರೆ ದೋಷ ಎಲ್ಲಿದೆ ಎಂಬುದು ಒಂದು ಮಲ್ಟಿಮೀಟರಿನಿಂದಲೇ ತಿಳಿಯುತ್ತದೆ.

ಇಲ್ಲಿ ಹೇಳುವ ವಿಧಾನವು ಲೂಕಾಸ್ ಮಾದರಿಯ, ಎರಡು ಬ್ರಷ್‌ಗಳ, 12 ವೋಲ್ಟಿನ ಡೈನಮೋಗಳಿಗೆ, ಅಂದರೆ ಸಿ39 ಮತ್ತು ಸಿ40 ಸರಣಿಗಳಿಗೆ, ಹಾಗೂ ಅವುಗಳ ಜೊತೆ ಬರುವ ಆರ್‌ಬಿ106, ಆರ್‌ಬಿ108 ಬಗೆಯ ಡಬ್ಬಿಗಳಿಗೆ ಅನ್ವಯಿಸುತ್ತದೆ. ಅಮೆರಿಕದ ಹಳೆಯ ಫಾರ್ಮಾಲ್ ಟ್ರ್ಯಾಕ್ಟರುಗಳಲ್ಲಿ ಕಾಣುವ ಮೂರು ಬ್ರಷ್‌ಗಳ ಡೆಲ್ಕೊ-ರೆಮಿ ಜನರೇಟರುಗಳ ಫೀಲ್ಡ್ ಸರ್ಕ್ಯೂಟು ಬೇರೆ ರೀತಿಯದು. ಅವುಗಳ ಮೇಲೆ ಈ ಪರೀಕ್ಷೆಗಳನ್ನು ಹೀಗೆಯೇ ಮಾಡಬಾರದು.

ಡೈನಮೋ ಮತ್ತು ಡಬ್ಬಿ ಕೆಲಸ ಮಾಡುವ ಬಗೆ

ಡೈನಮೋದ ಹಿಂಭಾಗದಲ್ಲಿ ಎರಡು ಟರ್ಮಿನಲ್‌ಗಳಿರುತ್ತವೆ. ದೊಡ್ಡದು ‘ಡಿ’, ಆರ್ಮೇಚರಿನಲ್ಲಿ (ಡೈನಮೋದೊಳಗೆ ತಿರುಗುವ, ತಂತಿ ಸುತ್ತಿದ ಭಾಗ) ಹುಟ್ಟಿದ ವಿದ್ಯುತ್ತು ಬ್ರಷ್‌ಗಳ (ಅದಕ್ಕೆ ಒತ್ತಿಕೊಂಡಿರುವ ಕಾರ್ಬನ್ ತುಂಡುಗಳು) ಮೂಲಕ ಇಲ್ಲಿಂದ ಹೊರಬರುತ್ತದೆ. ಚಿಕ್ಕದು ‘ಎಫ್’, ಇದು ಕಾಂತಕ್ಷೇತ್ರವನ್ನು ಹುಟ್ಟಿಸುವ, ತಿರುಗದ ಫೀಲ್ಡ್ ಕಾಯಿಲ್‌ಗಳ ಒಂದು ತುದಿ, ಇನ್ನೊಂದು ತುದಿ ಡೈನಮೋದ ಒಳಗೇ ಬಾಡಿಗೆ ಅರ್ಥ್ ಆಗಿರುತ್ತದೆ. ಇಂಜಿನ್ ತಿರುಗತೊಡಗಿದಾಗ ಆ ಕಾಯಿಲ್‌ಗಳು ಸುತ್ತಿರುವ ಪೋಲ್ ಷೂಗಳ ಕಬ್ಬಿಣದಲ್ಲಿ ಉಳಿದುಕೊಂಡಿರುವ ಅಲ್ಪ ಕಾಂತತ್ವದಿಂದಲೇ ಒಂದೆರಡು ವೋಲ್ಟ್ ಹುಟ್ಟುತ್ತದೆ. ಅದು ಡಬ್ಬಿಯ ಮೂಲಕ ಎಫ್‌ಗೆ ಮರಳಿ ಫೀಲ್ಡನ್ನು ಬಲಪಡಿಸುತ್ತದೆ, ಫೀಲ್ಡ್ ಬಲವಾದಂತೆ ವೋಲ್ಟೇಜು ಮತ್ತೆ ಏರುತ್ತದೆ. ಆಲ್ಟರ್ನೇಟರಿನಂತೆ ಮೊದಲ ಪ್ರಚೋದನೆಗೆ ಡ್ಯಾಷ್‌ಬೋರ್ಡಿನ ಕೆಂಪು ದೀಪ ಇದಕ್ಕೆ ಬೇಕಿಲ್ಲ. ಬಲ್ಬ್ ಸುಟ್ಟಿದ್ದರೂ ಡೈನಮೋ ಚಾರ್ಜ್ ಮಾಡುತ್ತದೆ. ಆದರೆ ವರ್ಷಗಟ್ಟಲೆ ನಿಂತ ಗಾಡಿಯಲ್ಲಿ ಆ ಉಳಿಕೆ ಕಾಂತತ್ವವೇ ಅಳಿದುಹೋಗಿದ್ದರೆ ಎಲ್ಲ ಭಾಗಗಳು ಸರಿಯಿದ್ದರೂ ಏನೂ ಹುಟ್ಟುವುದಿಲ್ಲ.

ಮೆಕ್ಯಾನಿಕ್‌ಗಳು ಇಡೀ ಡಬ್ಬಿಯನ್ನೇ ಕಟೌಟ್ ಎನ್ನುವುದುಂಟು. ಒಳಗೆ ನೋಡಿದರೆ ಎರಡು ಕಾಯಿಲ್‌ಗಳು, ತೆರೆದು ಮುಚ್ಚುವ ಎರಡು ಜೊತೆ ಪಾಯಿಂಟ್‌ಗಳು (ಸಂಪರ್ಕ ಬಿಂದುಗಳು) ಇರುತ್ತವೆ. ಒಂದು ರೆಗ್ಯುಲೇಟರ್: ವೋಲ್ಟೇಜು ಮಿತಿ ಮುಟ್ಟಿದಾಗ ಅದರ ಪಾಯಿಂಟು ತೆರೆದು, ಫೀಲ್ಡಿಗೆ ಹೋಗುವ ದಾರಿಯಲ್ಲಿ ಒಂದು ರೆಸಿಸ್ಟರನ್ನು ಸೇರಿಸುತ್ತದೆ, ವೋಲ್ಟೇಜು ಇಳಿದ ಕೂಡಲೇ ಮತ್ತೆ ಮುಚ್ಚುತ್ತದೆ, ಒಂದು ಸೆಕೆಂಡಿನಲ್ಲಿ ಹಲವಾರು ಸಲ ಹೀಗೆ ಕಂಪಿಸುತ್ತ ವೋಲ್ಟೇಜನ್ನು ಹಿಡಿದಿಡುತ್ತದೆ. ಇನ್ನೊಂದೇ ನಿಜವಾದ ಕಟೌಟ್: ಡೈನಮೋದ ವೋಲ್ಟೇಜು ಬ್ಯಾಟರಿಯದನ್ನು ಮೀರಿದಾಗ ಮಾತ್ರ ಎರಡನ್ನೂ ಜೋಡಿಸಿ, ಇಂಜಿನ್ ನಿಧಾನವಾದಾಗ ಬಿಡಿಸುತ್ತದೆ, ಇಲ್ಲವಾದರೆ ಬ್ಯಾಟರಿಯ ವಿದ್ಯುತ್ತೆಲ್ಲ ಡೈನಮೋದ ಮೂಲಕ ಅರ್ಥ್‌ಗೆ ಹರಿದುಹೋದೀತು. ಡಬ್ಬಿಯ ಟರ್ಮಿನಲ್‌ಗಳ ಮೇಲೆ ‘ಎ’, ‘ಎ1’, ‘ಎಫ್’, ‘ಡಿ’, ‘ಇ’ ಎಂಬ ಅಕ್ಷರಗಳು ಅಚ್ಚಾಗಿರುತ್ತವೆ. ಅವುಗಳ ಸಾಲು ಮಾದರಿಯಿಂದ ಮಾದರಿಗೆ ಬದಲಾಗಬಹುದಾದ್ದರಿಂದ ಸ್ಥಾನ ನೋಡಿ ವೈರು ಹಾಕದೆ ಅಕ್ಷರ ಓದಿ ಹಾಕಬೇಕು. ಡಿ ಮತ್ತು ಎಫ್ ವೈರುಗಳು ಅದಲುಬದಲಾದರೆ ರೆಗ್ಯುಲೇಟರಿನ ಪಾಯಿಂಟುಗಳು ಸುಟ್ಟುಹೋಗುತ್ತವೆ.

ಸಲಕರಣೆ ಮತ್ತು ಎಚ್ಚರಿಕೆ

ಒಂದು ಮಲ್ಟಿಮೀಟರ್, ಬ್ಯಾಟರಿಯ ಹೈಡ್ರೋಮೀಟರ್, 12 ವೋಲ್ಟಿನ ಬಲ್ಬಿಗೆ ಎರಡು ವೈರು ಕಟ್ಟಿದ ಟೆಸ್ಟ್ ಲ್ಯಾಂಪ್, ಎರಡೂ ತುದಿಗೆ ಕ್ಲಿಪ್ ಇರುವ ಒಂದು ತುಂಡು ವೈರು, ನುಣುಪಾದ ಗ್ಲಾಸ್ ಪೇಪರ್ ಇಷ್ಟು ಸಾಕು. ಮೀಟರು ಮುಳ್ಳಿನದಾದರೆ ಇನ್ನೂ ಒಳ್ಳೆಯದು. ಪಾಯಿಂಟುಗಳ ಕಂಪನದಿಂದ ಅಗ್ಗದ ಡಿಜಿಟಲ್ ಮೀಟರಿನ ಅಂಕಿಗಳು ಕುಣಿಯುತ್ತವೆ, ಮುಳ್ಳು ಮಾತ್ರ ಅದರ ಸರಾಸರಿಯನ್ನು ಸರಿಯಾಗಿ ತೋರಿಸುತ್ತದೆ.

ಗಾಡಿಯನ್ನು ನ್ಯೂಟ್ರಲ್‌ನಲ್ಲಿಟ್ಟು, ಬ್ರೇಕ್ ಹಾಕಿ, ಪಿಟಿಒ (ಉಪಕರಣಗಳನ್ನು ತಿರುಗಿಸುವ ಶಾಫ್ಟು) ಬಿಡಿಸಿರಬೇಕು. ಫ್ಯಾನಿನ ಪಕ್ಕದಲ್ಲೇ ಕೈಯಾಡಿಸುವ ಕೆಲಸವಿದು. ಹೆಗಲ ಮೇಲಿನ ಟವೆಲ್ಲನ್ನು ತೆಗೆದಿಡಬೇಕು, ಪಂಚೆ ಉಟ್ಟು ಬಾಗಬಾರದು. ಚಾರ್ಜ್ ಆಗುತ್ತಿರುವ ಬ್ಯಾಟರಿಯಿಂದ ಹೈಡ್ರೋಜನ್ ಹೊರಬರುವುದರಿಂದ ಹತ್ತಿರ ಬೀಡಿ ಹಚ್ಚಬಾರದು. ಬ್ಯಾಟರಿಯನ್ನು ಬಿಚ್ಚುವಾಗ ಅರ್ಥ್ ಕೇಬಲ್ಲನ್ನು ಮೊದಲು ತೆಗೆಯಬೇಕು, ಹಾಕುವಾಗ ಅದನ್ನೇ ಕೊನೆಗೆ ಹಾಕಬೇಕು. ಇಂಜಿನ್ ಓಡುತ್ತಿರುವಾಗ ಬ್ಯಾಟರಿಯ ಟರ್ಮಿನಲ್ ತೆಗೆದು ನೋಡುವ ಅಭ್ಯಾಸವನ್ನು ಬಿಡಬೇಕು, ಅದರಿಂದ ಬಲ್ಬುಗಳು ಹೋಗುತ್ತವೆಯೇ ಹೊರತು ತಿಳಿಯುವುದೇನೂ ಇಲ್ಲ. ಆರಂಭದಲ್ಲೇ ಇನ್ನೊಂದನ್ನು ಗುರುತು ಹಾಕಿಕೊಳ್ಳಬೇಕು: ಬ್ಯಾಟರಿಯ ಯಾವ ತುದಿ ಬಾಡಿಗೆ ಸೇರಿದೆ ಎಂಬುದು. ಬ್ರಿಟಿಷ್ ಮೂಲದ ಹಳೆಯ ಗಾಡಿಗಳಲ್ಲಿ ಪಾಸಿಟಿವ್ ಅರ್ಥ್ ಇರುವುದುಂಟು. ಅಂಥ ಕಡೆ ಮೀಟರಿನ ಕೆಂಪು ಕಡ್ಡಿಯನ್ನು ಬಾಡಿಗೆ ಹಿಡಿಯಬೇಕಾಗುತ್ತದೆ.

ಮೊದಲು ಆಂಪಿಯರ್ ಮೀಟರನ್ನೂ ದೀಪವನ್ನೂ ನೋಡಬೇಕು

ದೂರು ಬಂದ ಗಾಡಿಗಳಲ್ಲಿ ಕೆಲವಕ್ಕೆ ದೋಷವೇ ಇರುವುದಿಲ್ಲ. ಸ್ಟಾರ್ಟ್ ಮಾಡಿದ ಕೂಡಲೇ ಆಂಪಿಯರ್ ಮೀಟರಿನ ಮುಳ್ಳು ಚಾರ್ಜಿನ ಕಡೆಗೆ ಚೆನ್ನಾಗಿ ವಾಲಿ, ಬ್ಯಾಟರಿ ತುಂಬುತ್ತ ಬಂದಂತೆ ಹಿಂದೆ ಸರಿದು, ಒಂದೆರಡು ಆಂಪಿಯರಿನಲ್ಲಿ ನಿಂತರೆ ಅದು ರೆಗ್ಯುಲೇಟರ್ ಸರಿಯಾಗಿ ಕೆಲಸ ಮಾಡುತ್ತಿರುವುದರ ಲಕ್ಷಣ. ದಿನವಿಡೀ ಮುಳ್ಳು 10ರ ಮೇಲೆಯೇ ಇರಬೇಕೆಂದು ಸ್ಕ್ರೂ ತಿರುಗಿಸಿದರೆ ಬ್ಯಾಟರಿಯ ನೀರು ಕುದಿದು ಪ್ಲೇಟುಗಳು ಹಾಳಾಗುತ್ತವೆ. ಹಾಗೆಯೇ ಇಂಜಿನ್ ಮೆಲ್ಲಗೆ ಓಡುತ್ತಿರುವಾಗ ಡೈನಮೋ ಏನನ್ನೂ ಕೊಡದಿರುವುದು ಸಹಜ. ಡೈನಮೋದ ತಿರುಗು ನಿಮಿಷಕ್ಕೆ ಸುಮಾರು 1000 ಸುತ್ತುಗಳನ್ನು ದಾಟಿದ ನಂತರವೇ ಕಟೌಟ್ ಮುಚ್ಚುವುದು.

ಕೀ ತಿರುಗಿಸಿದಾಗ ಕೆಂಪು ದೀಪ ಉರಿಯದಿದ್ದರೆ ಬಲ್ಬ್ ಸುಟ್ಟಿರಬಹುದು. ಹೊಸ ಬಲ್ಬ್ ಹಾಕಿದರೂ ಉರಿಯದಿದ್ದರೆ ಬ್ರಷ್‌ಗಳು ಕಮ್ಯುಟೇಟರನ್ನು (ಆರ್ಮೇಚರಿನ ತುದಿಯಲ್ಲಿರುವ, ತಾಮ್ರದ ಪಟ್ಟಿಗಳ ದುಂಡು ಭಾಗ) ಮುಟ್ಟುತ್ತಿಲ್ಲ ಅಥವಾ ಡಿ ವೈರು ಎಲ್ಲೋ ತುಂಡಾಗಿದೆ ಎಂದು ಸಂಶಯಿಸಬೇಕು, ಏಕೆಂದರೆ ಆ ದೀಪಕ್ಕೆ ಅರ್ಥ್ ಸಿಗುವುದೇ ಡಿ ಟರ್ಮಿನಲ್ಲಿನಿಂದ ಬ್ರಷ್ ಮತ್ತು ಆರ್ಮೇಚರ್ ಮೂಲಕ. ಇಂಜಿನ್ನಿನ ವೇಗ ಎಷ್ಟೇ ಏರಿದರೂ ದೀಪ ಒಂದೇ ಸಮನೆ ಉರಿದರೆ ಡೈನಮೋ ಏನನ್ನೂ ಉತ್ಪಾದಿಸುತ್ತಿಲ್ಲ. ವೇಗ ಏರಿದಾಗ ಆರಿ, ಇನ್ನೂ ಏರಿಸಿದಾಗ ಮತ್ತೆ ಪ್ರಕಾಶಮಾನವಾಗಿ ಉರಿಯತೊಡಗಿದರೆ ಡೈನಮೋ ಸರಿಯಿದೆ, ಕಟೌಟ್ ಮಾತ್ರ ಮುಚ್ಚುತ್ತಿಲ್ಲ. ಡಬ್ಬಿಯ ಇ ಟರ್ಮಿನಲ್ಲಿನ ಅರ್ಥ್ ವೈರು ತುಂಡಾದಾಗ ಸಾಮಾನ್ಯವಾಗಿ ಹೀಗಾಗುತ್ತದೆ. ಚಾರ್ಜ್ ಆಗುತ್ತಿದ್ದರೂ ದೀಪ ಮಂಕಾಗಿ ಮಿನುಗುತ್ತಿದ್ದರೆ ಕಟೌಟಿನ ಪಾಯಿಂಟುಗಳು ಕೊಳೆಯಾಗಿವೆ.

ಒಂದು ಲಕ್ಷಣ ಕಂಡರೆ ಮಾತ್ರ ಬೇರೆಲ್ಲವನ್ನೂ ಬಿಟ್ಟು ಬ್ಯಾಟರಿಯ ಕೇಬಲ್ ಕಳಚಬೇಕು. ಇಂಜಿನ್ ನಿಲ್ಲಿಸಿದ ಮೇಲೂ ಆಂಪಿಯರ್ ಮೀಟರಿನ ಮುಳ್ಳು ಡಿಸ್‌ಚಾರ್ಜ್ ಕಡೆ ಪೂರ್ತಿ ವಾಲಿದ್ದರೆ ಕಟೌಟಿನ ಪಾಯಿಂಟು ಅಂಟಿಕೊಂಡಿದೆ ಎಂದರ್ಥ, ಹಾಗೆಯೇ ಬಿಟ್ಟರೆ ಡೈನಮೋ ಮತ್ತು ವೈರಿಂಗ್ ಎರಡೂ ಸುಡುತ್ತವೆ.

ಬ್ಯಾಟರಿ, ಬೆಲ್ಟ್ ಮತ್ತು ಅರ್ಥ್

ರಾತ್ರಿಯಿಡೀ ನಿಂತ ಬ್ಯಾಟರಿಯ ವೋಲ್ಟೇಜು 12.6ರ ಸುತ್ತ ಇದ್ದರೆ ಅದು ತುಂಬಿದೆ. 12ಕ್ಕಿಂತ ಕೆಳಗಿದ್ದರೆ ಹೊರಗಿನ ಚಾರ್ಜರಿನಿಂದ ಪೂರ್ತಿ ತುಂಬಿಸಿಕೊಂಡೇ ಮುಂದಿನ ಪರೀಕ್ಷೆಗಳಿಗೆ ಹೋಗಬೇಕು. ನಂತರ ಆರೂ ಸೆಲ್‌ಗಳ ಆಸಿಡ್ಡನ್ನು ಹೈಡ್ರೋಮೀಟರಿನಲ್ಲಿ ಎಳೆದು ನೋಡಬೇಕು. ತುಂಬಿದ ಬ್ಯಾಟರಿಯಲ್ಲಿ ಆಸಿಡ್ಡಿನ ಸಾಪೇಕ್ಷ ಸಾಂದ್ರತೆ, ತಯಾರಕರು ನಮೂದಿಸಿದ ಮಟ್ಟಕ್ಕೆ ತಕ್ಕಂತೆ, 1.240ರಿಂದ 1.280ರ ಒಳಗಿರುತ್ತದೆ. ಐದು ಸೆಲ್‌ಗಳು ಒಂದೇ ಮಟ್ಟದಲ್ಲಿದ್ದು ಒಂದು ಮಾತ್ರ 0.050ರಷ್ಟು ಕೆಳಗಿದ್ದರೆ ಆ ಸೆಲ್ ಕೆಟ್ಟಿದೆ. ಡೈನಮೋದಲ್ಲಿ ಹುಡುಕುವುದೇನೂ ಉಳಿದಿಲ್ಲ.

ಫ್ಯಾನ್ ಬೆಲ್ಟಿನ ಅತಿ ಉದ್ದದ ಭಾಗವನ್ನು ಹೆಬ್ಬೆರಳಿನಿಂದ ಒತ್ತಿದರೆ 12ರಿಂದ 20 ಮಿಲಿಮೀಟರಿನಷ್ಟು ಬಗ್ಗಬೇಕು. ಅದಕ್ಕಿಂತ ಸಡಿಲವಾದರೆ ದೀಪ ಹಾಕಿದಾಗ ಜಾರುತ್ತದೆ. ತೀರ ಬಿಗಿಯಾದರೆ ಡೈನಮೋದ ಹಿಂದಿನ ಬುಶ್ಶನ್ನೂ ವಾಟರ್ ಪಂಪಿನ ಬೇರಿಂಗನ್ನೂ ತಿನ್ನುತ್ತದೆ. ಬೆಲ್ಟಿನ ಒಳಬದಿ ಗಾಜಿನಂತೆ ಹೊಳೆಯುತ್ತಿದ್ದರೆ ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಹೊಸದನ್ನು ಹಾಕಬೇಕು.

ಅರ್ಥ್ ಪರೀಕ್ಷೆಯನ್ನು ಬಹುತೇಕರು ಬಿಟ್ಟುಬಿಡುತ್ತಾರೆ. ಹಳೆಯ ಗಾಡಿಗೆ ಹೊಸದಾಗಿ ಪೇಂಟ್ ಹೊಡೆಸಿದ ನಂತರ ಚಾರ್ಜ್ ನಿಂತಿತೆಂದು ಹೇಳುವವರು ಇದನ್ನೇ ಮೊದಲು ನೋಡಬೇಕು, ಏಕೆಂದರೆ ಡೈನಮೋದ ಬ್ರಾಕೆಟ್ಟಿಗೂ ಡಬ್ಬಿ ಕೂರುವ ತಗಡಿಗೂ ಪೇಂಟ್ ಮೆತ್ತಿದರೆ ವಿದ್ಯುತ್ತಿಗೆ ಮರಳುವ ದಾರಿಯೇ ಇರುವುದಿಲ್ಲ. ಇಂಜಿನ್ ಓಡಿಸಿ, ದೀಪ ಹಾಕಿ, ಡೈನಮೋದ ಬಾಡಿಗೂ ಡಬ್ಬಿಯ ಇ ಟರ್ಮಿನಲ್ಲಿಗೂ ನಡುವೆ ಮೀಟರ್ ಹಿಡಿಯಬೇಕು. ಆಮೇಲೆ ಡೈನಮೋದ ಬಾಡಿಗೂ ಬ್ಯಾಟರಿಯ ಅರ್ಥ್ ತುದಿಗೂ ನಡುವೆ ಹಿಡಿಯಬೇಕು. ಎರಡೂ ಕಡೆ 0.1 ವೋಲ್ಟಿನ ಒಳಗಿರಬೇಕು. ಹೆಚ್ಚಿದ್ದರೆ ಪೇಂಟನ್ನೂ ತುಕ್ಕನ್ನೂ ಕೆರೆದು, ಬೋಲ್ಟನ್ನು ಬಿಗಿದು, ಮತ್ತೆ ಅಳೆಯಬೇಕು.

ಡೈನಮೋವನ್ನು ಪ್ರತ್ಯೇಕಿಸಿ ನೋಡುವುದು

ಇಡೀ ಕೆಲಸದಲ್ಲಿ ಅತ್ಯಂತ ಮುಖ್ಯವಾದದ್ದು ಈ ಪರೀಕ್ಷೆ. ದೋಷ ಡೈನಮೋದಲ್ಲಿದೆಯೋ ಡಬ್ಬಿಯ ಕಡೆಗಿದೆಯೋ ಎಂಬುದನ್ನು ಇದೊಂದೇ ನಿರ್ಣಯಿಸುತ್ತದೆ.

1. ಇಂಜಿನ್ ನಿಲ್ಲಿಸಿ, ಡೈನಮೋದ ಹಿಂದಿನ ಡಿ ಮತ್ತು ಎಫ್ ವೈರುಗಳೆರಡನ್ನೂ ಕಳಚಿ, ಗುರುತು ಹಾಕಿ, ಯಾವುದಕ್ಕೂ ತಾಗದಂತೆ ಟೇಪ್ ಸುತ್ತಬೇಕು.

2. ಡೈನಮೋದ ಡಿ ಮತ್ತು ಎಫ್ ಟರ್ಮಿನಲ್‌ಗಳನ್ನು ತುಂಡು ವೈರಿನಿಂದ ಒಂದಕ್ಕೊಂದು ಜೋಡಿಸಬೇಕು.

3. ಮೀಟರಿನ ಒಂದು ಕಡ್ಡಿಯನ್ನು ಈ ಜೋಡಣೆಗೆ, ಇನ್ನೊಂದನ್ನು ಡೈನಮೋದ ಬರಿ ಲೋಹಕ್ಕೆ ಹಿಡಿಯಬೇಕು.

4. ಇಂಜಿನ್ ಸ್ಟಾರ್ಟ್ ಮಾಡಿ, ಮೆಲ್ಲಗಿನ ಓಟದಿಂದ ನಿಧಾನವಾಗಿ ವೇಗ ಏರಿಸಬೇಕು. ಮುಳ್ಳು ಎಲ್ಲೂ ತಡವರಿಸದೆ ಸರಾಗವಾಗಿ ಏರುತ್ತ ಹೋಗಬೇಕು. 20 ವೋಲ್ಟ್ ಮುಟ್ಟಿದ ಕೂಡಲೇ ವೇಗ ಇಳಿಸಬೇಕು.

ಈ ಸ್ಥಿತಿಯಲ್ಲಿ ಡೈನಮೋಗೆ ಯಾವ ಕಡಿವಾಣವೂ ಇಲ್ಲದ್ದರಿಂದ ಇಂಜಿನ್ನನ್ನು ಜೋರಾಗಿ ಓಡಿಸಿದರೆ ವೋಲ್ಟೇಜು ಎಲ್ಲೆ ಮೀರಿ ಫೀಲ್ಡ್ ಕಾಯಿಲ್ ಸುಡುತ್ತದೆ. ಆದ್ದರಿಂದ ಪರೀಕ್ಷೆಯನ್ನು ಕೆಲವೇ ಸೆಕೆಂಡುಗಳಲ್ಲಿ ಮುಗಿಸಬೇಕು.

ಮುಳ್ಳು ಸರಾಗವಾಗಿ ಏರಿದರೆ ಡೈನಮೋ ನಿರ್ದೋಷಿ, ಅದನ್ನು ಬಿಚ್ಚುವ ಅಗತ್ಯವೇ ಇಲ್ಲ. ಏರದಿದ್ದರೆ, ಮುಳ್ಳು ಎಲ್ಲಿ ನಿಂತಿತು ಎಂಬುದೇ ದೋಷದ ಜಾಗವನ್ನು ಹೇಳುತ್ತದೆ. ಏನೂ ತೋರಿಸದಿದ್ದರೆ ಬ್ರಷ್‌ಗಳನ್ನು ನೋಡಬೇಕು. ಅರ್ಧ ಅಥವಾ ಒಂದು ವೋಲ್ಟಿನಲ್ಲಿ ನಿಂತರೆ ಅದು ಉಳಿಕೆ ಕಾಂತತ್ವದ ವೋಲ್ಟೇಜು ಮಾತ್ರ. ಆರ್ಮೇಚರ್ ಸರಿಯಿದ್ದು ಫೀಲ್ಡ್ ಕಾಯಿಲ್ ತುಂಡಾಗಿದೆ ಅಥವಾ ಶಾರ್ಟ್ ಆಗಿದೆ. ನಾಲ್ಕೈದು ವೋಲ್ಟಿಗೆ ಏರಿ ಅಲ್ಲೇ ಉಳಿದರೆ ಆರ್ಮೇಚರಿನ ಸುತ್ತುಗಳಲ್ಲಿ ದೋಷವಿರುವ ಸಂಭವ ಹೆಚ್ಚು.

ಏನೂ ಹುಟ್ಟದ ಡೈನಮೋವನ್ನು ಬಿಚ್ಚುವ ಮೊದಲು ಒಮ್ಮೆ ಅದಕ್ಕೆ ಕಾಂತತ್ವವನ್ನು ಕೊಟ್ಟು ನೋಡಬೇಕು. ಜೋಡಣೆಯ ವೈರನ್ನು ತೆಗೆದು, ಇಂಜಿನ್ ನಿಂತಿರುವಾಗ, ಬ್ಯಾಟರಿಯ ಅರ್ಥ್ ಅಲ್ಲದ ತುದಿಯಿಂದ ಒಂದು ವೈರನ್ನು ತಂದು ಎಫ್ ಟರ್ಮಿನಲ್ಲಿಗೆ ಎರಡು ಮೂರು ಬಾರಿ ಕ್ಷಣಕಾಲ ಮುಟ್ಟಿಸಬೇಕು. ಸಣ್ಣ ಕಿಡಿ ಕಂಡರೆ ಫೀಲ್ಡ್ ಕಾಯಿಲ್ ತುಂಡಾಗಿಲ್ಲ ಎಂಬುದೂ ತಿಳಿಯುತ್ತದೆ. ಹೊಸದಾಗಿ ವೈಂಡಿಂಗ್ ಮಾಡಿಸಿದ, ಬೇರೆ ಗಾಡಿಯಿಂದ ತೆಗೆದು ಹಾಕಿದ, ಅಥವಾ ಬ್ಯಾಟರಿಯನ್ನು ತಲೆಕೆಳಗಾಗಿ ಜೋಡಿಸಿದ್ದ ಪ್ರತಿಯೊಂದು ಡೈನಮೋಗೂ ಇದನ್ನು ಮಾಡಲೇಬೇಕು.

ಡೈನಮೋ ಬಿಚ್ಚಿದಾಗ

ಹಿಂದಿನ ಮುಚ್ಚಳ ತೆಗೆದರೆ ಎರಡು ಕಾರ್ಬನ್ ಬ್ರಷ್‌ಗಳು ಕಾಣುತ್ತವೆ. ಅವು ಗೂಡಿನೊಳಗೆ ಸಲೀಸಾಗಿ ಜಾರಬೇಕು. ಧೂಳು ಮತ್ತು ಎಣ್ಣೆ ಸೇರಿ ಅಂಟಿಕೊಂಡಿರುವುದೇ ಹೆಚ್ಚಿನ ಸಂದರ್ಭಗಳಲ್ಲಿ ಕಾರಣ. ಪೆಟ್ರೋಲಿನಲ್ಲಿ ನೆನೆಸಿದ ಬಟ್ಟೆಯಿಂದ ಬ್ರಷ್ಷನ್ನೂ ಗೂಡನ್ನೂ ಒರೆಸಿದರೆ ಸಾಕಾಗುತ್ತದೆ. ಉದ್ದ ಸುಮಾರು 9 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ಜೊತೆಯಾಗಿ ಬದಲಿಸಬೇಕು. ಹೊಸ ಬ್ರಷ್ಷಿನ ಮುಖ ಕಮ್ಯುಟೇಟರಿನ ದುಂಡಿಗೆ ಹೊಂದುವಂತೆ, ಗ್ಲಾಸ್ ಪೇಪರನ್ನು ಕಮ್ಯುಟೇಟರಿಗೆ ಸುತ್ತಿ, ಉಜ್ಜಿ ಕೂರಿಸಬೇಕು. ಸ್ಪ್ರಿಂಗು ನೀಲಿಗಟ್ಟಿದ್ದರೆ ಕಾದು ಬಿಗಿ ಕಳೆದುಕೊಂಡಿದೆ, ಅದನ್ನೂ ಬದಲಿಸಬೇಕು.

ಕಮ್ಯುಟೇಟರ್ ಸಮನಾದ ಕಂದು ಬಣ್ಣದಲ್ಲಿದ್ದರೆ ಅದನ್ನು ಮುಟ್ಟುವ ಅಗತ್ಯವಿಲ್ಲ. ಕಪ್ಪಾಗಿದ್ದರೆ ಪೆಟ್ರೋಲ್ ಬಟ್ಟೆಯಿಂದ ಒರೆಸಿ, ಹೋಗದಿದ್ದರೆ ನುಣುಪಾದ ಗ್ಲಾಸ್ ಪೇಪರಿನಿಂದ ಆರ್ಮೇಚರನ್ನು ತಿರುಗಿಸುತ್ತ ಹೊಳಪು ಮಾಡಬೇಕು. ಎಮರಿ ಪೇಪರ್ ಬಳಸಬಾರದು, ಅದರ ಕಣಗಳು ತಾಮ್ರದೊಳಗೆ ನಾಟಿಕೊಂಡು ಬ್ರಷ್‌ಗಳನ್ನು ಸವೆಸುತ್ತವೆ, ಪಟ್ಟಿಗಳ ನಡುವೆ ಸೇರಿ ಶಾರ್ಟ್ ಮಾಡುತ್ತವೆ. ತಾಮ್ರದ ಪಟ್ಟಿಗಳು ಸವೆದು ನಡುವಿನ ಮೈಕಾ ಅವುಗಳ ಮಟ್ಟಕ್ಕೆ ಬಂದಿದ್ದರೆ, ಮುರಿದ ಹ್ಯಾಕ್ಸಾ ಬ್ಲೇಡನ್ನು ಸಾಣೆ ಹಿಡಿದು ಮೈಕಾವನ್ನು ಮುಕ್ಕಾಲು ಮಿಲಿಮೀಟರಿನಷ್ಟು ಕೆಳಗೆ ಕೆರೆಯಬೇಕು. ಒಂದೆರಡು ಪಟ್ಟಿಗಳು ಮಾತ್ರ ಸುಟ್ಟು ಗುಳಿ ಬಿದ್ದಿದ್ದರೆ, ಅಲ್ಲಿಗೆ ಸೇರುವ ಆರ್ಮೇಚರಿನ ಸುತ್ತು ತುಂಡಾಗಿದೆ. ಎಷ್ಟು ಉಜ್ಜಿದರೂ ಸರಿಹೋಗದು, ಆರ್ಮೇಚರನ್ನೇ ವೈಂಡಿಂಗಿಗೆ ಕೊಡಬೇಕು.

ಫೀಲ್ಡ್ ಕಾಯಿಲ್ಲನ್ನು ಓಮ್ ಮೀಟರಿನಿಂದ ಎಫ್ ಮತ್ತು ಬಾಡಿಯ ನಡುವೆ ಅಳೆದರೆ 12 ವೋಲ್ಟಿನ ಈ ಡೈನಮೋಗಳಲ್ಲಿ ಸಾಮಾನ್ಯವಾಗಿ 6 ಓಮ್ ಆಸುಪಾಸು ಬರುತ್ತದೆ. ಅನಂತ ತೋರಿಸಿದರೆ ತುಂಡಾಗಿದೆ. ತೀರ ಕಡಿಮೆ ಬಂದರೆ ಒಳಗೆ ಶಾರ್ಟ್ ಆಗಿದೆ, ಮತ್ತು ಅಂತಹ ಫೀಲ್ಡ್ ಎಳೆಯುವ ಅತಿ ಹೆಚ್ಚಿನ ಕರೆಂಟಿನಿಂದ ರೆಗ್ಯುಲೇಟರಿನ ಪಾಯಿಂಟುಗಳೂ ಸುಟ್ಟಿರುತ್ತವೆ ಎಂದು ತಿಳಿದುಕೊಳ್ಳಬೇಕು.

ಮುಂದಿನ ಬಾಲ್ ಬೇರಿಂಗಿಗಿಂತ ಹಿಂದಿನ ಕಂಚಿನ ಬುಶ್ ಬೇಗ ಸವೆಯುತ್ತದೆ. ಸವೆದ ಬುಶ್ಶಿನಲ್ಲಿ ಆರ್ಮೇಚರ್ ಜೋಲಿ ಪೋಲ್ ಷೂಗೆ ಉಜ್ಜುತ್ತದೆ, ಉಜ್ಜಿದ ಜಾಗ ಬೆಳ್ಳಗೆ ಹೊಳೆಯುತ್ತದೆ. ಇದು ರಂಧ್ರಯುಕ್ತ ಕಂಚಿನ ಬುಶ್. ಹೊಸದನ್ನು ಹಾಕುವ ಮುನ್ನ ತೆಳು ಇಂಜಿನ್ ಆಯಿಲಿನಲ್ಲಿ 24 ಗಂಟೆ ನೆನೆಸಿಟ್ಟರೆ ಎಣ್ಣೆಯನ್ನು ಒಳಗೆ ಹೀರಿಕೊಳ್ಳುತ್ತದೆ. ಲೇತಿನವರು ಗಟ್ಟಿ ಹಿತ್ತಾಳೆಯಲ್ಲಿ ಕಡೆದುಕೊಡುವ ಬುಶ್ ಬೇಗ ಒಣಗಿ ಹಿಡಿದುಕೊಳ್ಳುತ್ತದೆ, ಸಿಕ್ಕಿದರೆ ಮೂಲದ್ದನ್ನೇ ಹಾಕುವುದು ಲೇಸು. ಹಿಂದಿನ ರಂಧ್ರಕ್ಕೆ ಆಗಾಗ ಕೆಲವೇ ಹನಿ ಎಣ್ಣೆ ಬಿಟ್ಟರೆ ಸಾಕು. ಹೆಚ್ಚಾದ ಎಣ್ಣೆ ಕಮ್ಯುಟೇಟರಿಗೇ ಹೋಗುತ್ತದೆ.

ಮರಳಿ ಜೋಡಿಸಿದ ಡೈನಮೋವನ್ನು ಗಾಡಿಗೆ ಹಾಕುವ ಮೊದಲು ಮೇಜಿನ ಮೇಲೆಯೇ ಮೋಟರಿನಂತೆ ಓಡಿಸಿ ನೋಡಬಹುದು. ಡಿ ಮತ್ತು ಎಫ್ ಎರಡನ್ನೂ ಬ್ಯಾಟರಿಯ ಒಂದು ತುದಿಗೂ, ಬಾಡಿಯನ್ನು ಅರ್ಥ್ ತುದಿಗೂ ಸೇರಿಸಿದರೆ, ಗಾಡಿಯಲ್ಲಿ ತಿರುಗುವ ದಿಕ್ಕಿನಲ್ಲೇ ಒಂದೇ ಸಮನೆ ತಿರುಗಬೇಕು. ತಿರುಗದಿದ್ದರೆ, ಅಥವಾ ಜರ್ಕ್ ಹೊಡೆಯುತ್ತ ತಿರುಗಿದರೆ, ಮತ್ತೆ ಬಿಚ್ಚಲೇಬೇಕು. ಈ ಪರೀಕ್ಷೆ ಫೀಲ್ಡಿಗೂ ಅಗತ್ಯವಾದ ಕಾಂತತ್ವವನ್ನು ಕೊಟ್ಟುಬಿಡುತ್ತದೆ.

ವೈರುಗಳು

ಡೈನಮೋ ಸರಿಯಿದ್ದರೆ, ಡಿ-ಎಫ್ ಜೋಡಣೆಯನ್ನು ಹಾಗೆಯೇ ಉಳಿಸಿ, ಕಳಚಿದ್ದ ವೈರುಗಳನ್ನು ಡೈನಮೋಗೆ ಮರಳಿ ಹಾಕಿ, ಈಗ ಅವುಗಳ ಇನ್ನೊಂದು ತುದಿಗಳನ್ನು ಡಬ್ಬಿಯಿಂದ ಕಳಚಬೇಕು. ಇಂಜಿನ್ ಓಡಿಸಿ, ಮೊದಲಿನಂತೆಯೇ ಎಚ್ಚರಿಕೆಯಿಂದ ವೇಗ ಏರಿಸುತ್ತ, ಡಿ ವೈರಿನ ತುದಿಯಲ್ಲೂ ಎಫ್ ವೈರಿನ ತುದಿಯಲ್ಲೂ ವೋಲ್ಟೇಜು ನೋಡಬೇಕು. ಡೈನಮೋದ ಬಳಿ ಬಂದಷ್ಟೇ ಇಲ್ಲಿಯೂ ಬರಬೇಕು. ಒಂದರಲ್ಲಿ ಬರದಿದ್ದರೆ ಆ ವೈರು ತುಂಡಾಗಿದೆ. ಎರಡರಲ್ಲೂ ಬರದೆ ಡೈನಮೋವೇ ಸೋತಂತೆ ಕಂಡರೆ ಒಂದು ವೈರು ಎಲ್ಲೋ ಸಿಪ್ಪೆ ಕಿತ್ತು ಬಾಡಿಗೆ ತಾಗುತ್ತಿದೆ. ಇಲಿ ಕಡಿದ ವೈರು ಮೇಲ್ನೋಟಕ್ಕೆ ಕಾಣುವುದಿಲ್ಲ. ಶೆಡ್ಡಿನಲ್ಲಿ ಹುಲ್ಲಿನ ಪಕ್ಕ ನಿಲ್ಲಿಸುವ ಗಾಡಿಗಳಲ್ಲಿ ಇದನ್ನು ವಿಶೇಷವಾಗಿ ನೋಡಬೇಕು. ಪರೀಕ್ಷೆ ಮುಗಿದ ಮೇಲೆ ಜೋಡಣೆಯ ತುಂಡು ವೈರನ್ನು ತೆಗೆಯಲು ಮರೆಯಬಾರದು, ಅದು ಉಳಿದರೆ ರೆಗ್ಯುಲೇಟರಿಗೆ ಡೈನಮೋದ ಮೇಲೆ ಹಿಡಿತವೇ ಇರುವುದಿಲ್ಲ.

ಕೊನೆಗೆ ರೆಗ್ಯುಲೇಟರ್ ಡಬ್ಬಿ

ಇಂಜಿನ್ ನಿಂತಿರುವಾಗ ಎ ಟರ್ಮಿನಲ್ಲಿನಲ್ಲಿ ಬ್ಯಾಟರಿಯ ವೋಲ್ಟೇಜು ಪೂರ್ತಿ ಬರಬೇಕು. ಬರದಿದ್ದರೆ ಆಂಪಿಯರ್ ಮೀಟರಿನ ಹಿಂದಿನ ನಟ್ಟುಗಳನ್ನು ಬಿಗಿದು ನೋಡಬೇಕು.

ನಂತರ ಕಟೌಟಿನ ಪರೀಕ್ಷೆ. ಮೀಟರನ್ನು ಡಿ ಮತ್ತು ಇ ನಡುವೆ ಹಿಡಿದು ವೇಗವನ್ನು ಮೆಲ್ಲಗೆ ಏರಿಸಿದರೆ, 12.7ರಿಂದ 13.3 ವೋಲ್ಟಿನ ನಡುವೆ ಟಕ್ ಎಂದು ಪಾಯಿಂಟು ಮುಚ್ಚಿ, ಮುಳ್ಳು ಕೊಂಚ ಇಳಿಯಬೇಕು. 13.3 ದಾಟಿದರೂ ಮುಚ್ಚದಿದ್ದರೆ ಇ ಅರ್ಥನ್ನು ಇನ್ನೊಮ್ಮೆ ನೋಡಿ, ಅದು ಸರಿಯಿದ್ದರೆ ಕಟೌಟಿನ ಕಾಯಿಲ್ಲನ್ನು ಸಂಶಯಿಸಬೇಕು. ಮುಚ್ಚಿದರೂ ಚಾರ್ಜ್ ಆಗದಿದ್ದರೆ ಡಿ ಮತ್ತು ಎ ನಡುವಿನ ವೋಲ್ಟೇಜನ್ನು ಅಳೆಯಬೇಕು. ಅಲ್ಲಿ ಗಣನೀಯ ವೋಲ್ಟೇಜು ಕಂಡರೆ ಪಾಯಿಂಟುಗಳು ಕೊಳೆಯಾಗಿವೆ. ಬ್ಯಾಟರಿ ಕೇಬಲ್ ಕಳಚಿಯೇ ಅವುಗಳನ್ನು ಸ್ವಚ್ಛಗೊಳಿಸಬೇಕು. ಕಟೌಟಿನ ಪಾಯಿಂಟುಗಳ ಲೋಹ ಮೆದು, ಅದಕ್ಕೆ ನುಣುಪಾದ ಗ್ಲಾಸ್ ಪೇಪರಿನ ಪಟ್ಟಿ ಮಾತ್ರ ಸಲ್ಲುತ್ತದೆ. ರೆಗ್ಯುಲೇಟರಿನ ಪಾಯಿಂಟುಗಳು ಗಟ್ಟಿ, ಅವಕ್ಕೆ ನುಣುಪಾದ ಕಾರ್ಬೊರಂಡಮ್ ಕಲ್ಲು ಬೇಕು. ಎರಡನ್ನೂ ಕೊನೆಗೆ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿ ಪುಡಿಯನ್ನು ತೆಗೆಯಬೇಕು.

ರೆಗ್ಯುಲೇಟರಿನ ಮಿತಿಯನ್ನು ಬ್ಯಾಟರಿಯಿಂದ ಬಿಡಿಸಿಯೇ ಅಳೆಯಬೇಕು. ಕಟೌಟಿನ ಪಾಯಿಂಟುಗಳ ನಡುವೆ ಒಂದು ತುಂಡು ಗಟ್ಟಿ ಕಾಗದವನ್ನು ತೂರಿಸಿದರೆ ಸಾಕು. ಮೀಟರನ್ನು ಡಿ ಮತ್ತು ಇ ನಡುವೆ ಹಿಡಿದು ವೇಗ ಏರಿಸುತ್ತ ಹೋದರೆ ಮುಳ್ಳು ಏರಿ, ಒಂದು ಹಂತದಲ್ಲಿ ಮಿಡುಕಿ, ಸ್ಥಿರವಾಗಿ ನಿಲ್ಲುತ್ತದೆ. ನಿಂತ ಅಂಕಿ 16ರ ಸುತ್ತಮುತ್ತ ಇರಬೇಕು. ನಿಖರವಾದ ಮಿತಿ ಮಾದರಿಯನ್ನೂ ಹವೆಯ ಶಾಖವನ್ನೂ ಅವಲಂಬಿಸಿ ಸ್ವಲ್ಪ ಆಚೀಚೆ ಆಗುವುದರಿಂದ ಗಾಡಿಯ ಕೈಪಿಡಿಯ ಅಂಕಿಯೇ ಪ್ರಮಾಣ. ಕಾಯಿಲ್ ಕಾದರೆ ಅಳತೆ ತಪ್ಪುತ್ತದೆ, ಆದ್ದರಿಂದ ಅರ್ಧ ನಿಮಿಷದೊಳಗೆ ಓದಿ ಮುಗಿಸಬೇಕು.

16 ಎಂಬ ಅಂಕಿ ನೋಡಿ ಆಲ್ಟರ್ನೇಟರಿಗೆ ಒಗ್ಗಿಹೋದವರು ಗಾಬರಿಯಾಗಿ ಅದನ್ನು 14ಕ್ಕೆ ಇಳಿಸುತ್ತಾರೆ, ಆಮೇಲೆ ಬ್ಯಾಟರಿ ಎಂದೂ ತುಂಬುವುದಿಲ್ಲ. ಈ ಡಬ್ಬಿಯಲ್ಲಿ ಚಾರ್ಜಿನ ಕರೆಂಟು ಹರಿಯುವ ದಪ್ಪ ತಂತಿಯ ಕೆಲವು ಸುತ್ತುಗಳು ರೆಗ್ಯುಲೇಟರಿನ ಮೇಲೆಯೂ ಇವೆ. ಕರೆಂಟು ಹೆಚ್ಚಾದಷ್ಟೂ ಅವು ಪಾಯಿಂಟನ್ನು ಬೇಗ ತೆರೆಸಿ ವೋಲ್ಟೇಜನ್ನು ತಗ್ಗಿಸುತ್ತವೆ. ಹೀಗಾಗಿ ಬರಿದಾದ ಬ್ಯಾಟರಿಯಿಂದ ಡೈನಮೋಗೆ ರಕ್ಷಣೆ ಸಿಗುತ್ತದೆ. ಬ್ಯಾಟರಿ ಜೋಡಿಸಿದಾಗ ಅದರ ತುದಿಗಳಲ್ಲಿ ಕಾಣುವುದು ಸುಮಾರು 14ರಿಂದ 14.5 ವೋಲ್ಟ್ ಮಾತ್ರ. 16 ಕಾಣುವುದು ಹೊರೆಯಿಲ್ಲದಾಗ.

ಅಳತೆ ನಿಜವಾಗಿಯೂ ತಪ್ಪಿದ್ದರೆ ಮಾತ್ರ ಆ ಸ್ಕ್ರೂ. ಆರ್‌ಬಿ106ರಲ್ಲಿ ಲಾಕ್‌ನಟ್ ಸಡಿಲಿಸಿ, ಬಲಕ್ಕೆ ತಿರುಗಿಸಿದರೆ ವೋಲ್ಟೇಜು ಏರುತ್ತದೆ, ಎಡಕ್ಕೆ ತಿರುಗಿಸಿದರೆ ಇಳಿಯುತ್ತದೆ. ಒಮ್ಮೆಗೆ ಕಾಲು ಸುತ್ತಿಗಿಂತ ಕಡಿಮೆ ತಿರುಗಿಸಿ, ನಟ್ ಬಿಗಿದು, ಇಂಜಿನ್ನಿನ ವೇಗವನ್ನು ಪೂರ್ತಿ ಇಳಿಸಿ ಮತ್ತೆ ಏರಿಸಿ ಓದಬೇಕು. ಮುಳ್ಳು ಎಲ್ಲೂ ನಿಲ್ಲದೆ ಏರುತ್ತಲೇ ಹೋದರೆ ರೆಗ್ಯುಲೇಟರಿನ ಪಾಯಿಂಟು ಅಂಟಿದೆ, ಕಾಯಿಲ್ ತುಂಡಾಗಿದೆ, ಅಥವಾ ಇ ಅರ್ಥ್ ಇಲ್ಲ. ಸ್ಕ್ರೂ ಇದಕ್ಕೆ ಪರಿಹಾರವಲ್ಲ. ಪಾಯಿಂಟಿನಲ್ಲಿ ದೊಡ್ಡ ಕಿಡಿಗಳು ಹಾರುತ್ತಿದ್ದರೆ ಡಬ್ಬಿಯ ಹಿಂದಿನ ರೆಸಿಸ್ಟರ್ ತುಂಡಾಗಿರುವ ಸಂಭವವಿದೆ. ಹೊಲದಲ್ಲಿ ಹೀಗೆ ಅತಿ ಚಾರ್ಜ್ ಆಗತೊಡಗಿದರೆ, ಡೈನಮೋದ ಎಫ್ ವೈರನ್ನು ಕಳಚಿ ಟೇಪ್ ಸುತ್ತಿಕೊಂಡು ಮನೆಗೆ ಬರಬಹುದು. ಫೀಲ್ಡ್ ಇಲ್ಲದ ಡೈನಮೋ ಸುಮ್ಮನೆ ತಿರುಗುತ್ತದೆ, ಹಾನಿಯಿಲ್ಲ.

ಹೊರೆಯ ಲೆಕ್ಕ

ಎಲ್ಲವೂ ಸರಿಯಿದ್ದೂ ಬ್ಯಾಟರಿ ಇಳಿಯುತ್ತಿದ್ದರೆ ಖರ್ಚನ್ನು ಲೆಕ್ಕ ಹಾಕಬೇಕು. ಈ ಡೈನಮೋಗಳು ಮಾದರಿಗೆ ತಕ್ಕಂತೆ ಕೊಡಬಲ್ಲದ್ದು 11ರಿಂದ 22 ಆಂಪಿಯರ್. 45 ವ್ಯಾಟಿನ ಎರಡು ಹೆಡ್‌ಲೈಟುಗಳು ಸುಮಾರು 7.5 ಆಂಪಿಯರ್, ಹಿಂದಿನ 21 ವ್ಯಾಟಿನ ಉಳುಮೆಯ ದೀಪ 1.75 ಆಂಪಿಯರ್ ಎಳೆಯುತ್ತವೆ. 11 ಆಂಪಿಯರಿನ ಡೈನಮೋಗೆ ಉಳಿಯುವುದು ಎರಡು ಆಂಪಿಯರ್ ಸಹ ಇಲ್ಲ. ಅದರ ಮೇಲೆ ಕಬ್ಬಿನ ಗಾಡಿಗಳಲ್ಲಿರುವಂಥ ದೊಡ್ಡ ಆಂಪ್ಲಿಫಯರ್ ಮತ್ತು ಸ್ಪೀಕರುಗಳನ್ನು ಹೊರಿಸಿದರೆ ಯಾವ ಮೆಕ್ಯಾನಿಕ್ಕೂ ಅದನ್ನು ಸರಿಮಾಡಲಾರ. ಹೆಡ್‌ಲೈಟಿಗೆ ಒಳ್ಳೆಯ ಎಲ್‌ಇಡಿ ಬಲ್ಬ್ ಹಾಕಿದರೆ ಹೊರೆ ಬಹಳ ಇಳಿಯುತ್ತದೆ, ಆದರೆ ಪಾಸಿಟಿವ್ ಅರ್ಥ್ ಗಾಡಿಯಲ್ಲಿ ಅದು ಉರಿಯದೆ ಇರಬಹುದು.

ಆಲ್ಟರ್ನೇಟರಿಗೆ ಬದಲಾಯಿಸಬೇಕೇ ಎಂಬುದು ಗಾಡಿಯ ಬಳಕೆಯ ಮೇಲೆ ನಿಂತಿದೆ. ರಾತ್ರಿ ಉಳುಮೆ, ಪದೇ ಪದೇ ಸ್ಟಾರ್ಟ್ ಮಾಡುವ ಬಾಡಿಗೆ ಕೆಲಸ ಇದ್ದರೆ ಬದಲಾವಣೆ ಸರಿಯೇ. ಹಗಲು ಕೆಲಸದ ಗಾಡಿಗೆ, ಮೂಲರೂಪದಲ್ಲಿ ಉಳಿಸಿಕೊಳ್ಳಬೇಕಾದ ಗಾಡಿಗೆ ಸರಿಮಾಡಿದ ಡೈನಮೋ ಸಾಕು. ಬದಲಿಸುವವರು ಹಳೆಯ ರೆಗ್ಯುಲೇಟರ್ ಡಬ್ಬಿಯನ್ನು ಸರ್ಕ್ಯೂಟಿನಿಂದ ಪೂರ್ತಿ ಹೊರಗಿಡಬೇಕು. ಆಲ್ಟರ್ನೇಟರಿನಿಂದ ಬ್ಯಾಟರಿಗೆ ಹೋಗುವ ವೈರನ್ನು ದಪ್ಪದ್ದಾಗಿ ಹೊಸದಾಗಿ ಎಳೆಸಬೇಕು. ಹಳೆಯ ಆಂಪಿಯರ್ ಮೀಟರ್ ಅಷ್ಟು ಕರೆಂಟನ್ನು ತಡೆಯಲಾರದಾದ್ದರಿಂದ ಅದರ ಬದಲು ವೋಲ್ಟ್ ಮೀಟರ್ ಹಾಕಿಸಬೇಕು. ಗಾಡಿ ಪಾಸಿಟಿವ್ ಅರ್ಥ್ ಆಗಿದ್ದರೆ ಮೊದಲು ಅದನ್ನು ನೆಗೆಟಿವ್ ಅರ್ಥಿಗೆ ತಿರುಗಿಸಿಕೊಂಡೇ ಆಲ್ಟರ್ನೇಟರನ್ನು ಜೋಡಿಸಬೇಕು. ಇಲ್ಲವಾದರೆ ಬ್ಯಾಟರಿಯ ಕೇಬಲ್ ಮುಟ್ಟಿಸಿದ ಕ್ಷಣದಲ್ಲೇ ಡಯೋಡುಗಳು ಸುಟ್ಟುಹೋಗುತ್ತವೆ.